ಇಪ್ಪತ್ತಾರು ಮೈಲಿಯ ಟಪಾಲು ದಾರಿ

ಬ್ಯಾಡಗಿ

ಪರದೇಶಕ್ಕೆ ಹೋಗಿ ಬಂದವರು ಅಲ್ಲಿನ ರಸ್ತೆ ಎಷ್ಟು ಸ್ವಚ್ಛ, ಜನ ಎಷ್ಟು ಶಿಸ್ತು ಎಂದು ಹೇಳಿ ಊರವರ ಹೊಟ್ಟೆ ಉರಿಸುವುದು ವಾಡಿಕೆ. ನಾನು ಹಾಗೆ ಮಾಡುವವನಲ್ಲ. ನಾನು ಹೋದ ಊರಿನ ರಸ್ತೆಯ ಮೇಲೆ ಕುರಿ ಹಿಕ್ಕೆ ನಮ್ಮಲ್ಲಿಗಿಂತ ಹೆಚ್ಚೇ ಇತ್ತು. ಜನರೂ ಹೇಳಿದ ಹೊತ್ತಿಗೆ ಬರುತ್ತಿರಲಿಲ್ಲ. ಅದಕ್ಕೇ ನನಗೆ ಅಲ್ಲಿ ಮೊದಲ ದಿನದಿಂದಲೇ ಹಿತವಾಯಿತು.

ನಾನು ಬ್ಯಾಡಗಿಯಲ್ಲಿ ಇಪ್ಪತ್ತೆಂಟು ವರ್ಷ ಪೋಸ್ಟ್‌ಮನ್ ಆಗಿದ್ದವನು. ಸೈಕಲ್ ಮೇಲೆ ಮೋಟೆಬೆನ್ನೂರು, ಕದರಮಂಡಲಗಿ ಸುತ್ತಿ ಸಂಜೆಯೊಳಗೆ ಮನೆ ಸೇರುವುದು ನನ್ನ ಬದುಕು. ಚಿಕ್ಕಂದಿನಿಂದ ಅಂಚೆಚೀಟಿ ಕೂಡಿಡುವ ಹುಚ್ಚು. ಆ ಹುಚ್ಚಿನಿಂದಲೇ ಒಂದು ಇಂಗ್ಲಿಷ್ ಮಾಸಪತ್ರಿಕೆಯ ಪತ್ರಮೈತ್ರಿಯ ಪುಟದಲ್ಲಿ ಐರ್ಲೆಂಡಿನ ಟಾಮ್ ಎಂಬವನ ವಿಳಾಸ ಸಿಕ್ಕಿತು. ಅವನೂ ಪೋಸ್ಟ್‌ಮನ್, ಅವನದೂ ಸೈಕಲ್ಲು. ಹತ್ತೊಂಬತ್ತು ವರ್ಷ ಕಾಗದ ಬರೆದುಕೊಂಡೆವು. ಅವನಿಗೆ ಮಂಡಿ ನೋವಾಗಿ ಕೆಲಸ ಬಿಟ್ಟ ವರ್ಷ, 'ನಾನಂತೂ ಬರಲಾರೆ, ನೀವಿಬ್ಬರೂ ಬನ್ನಿ' ಎಂದು ಬರೆದು ಟಿಕೆಟ್ಟನ್ನೂ ಕಳಿಸಿಬಿಟ್ಟ. ತೊಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ನಮ್ಮ ಓಣಿಯಲ್ಲಿ ಇನ್ನೂ ಯಾರ ಮನೆಗೂ ಫೋನ್ ಬಂದಿರಲಿಲ್ಲ.

ನನ್ನ ಹೆಂಡತಿ ಗಿರಿಜಾ ಟಿಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅವಳು ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವವಳು. ಇಲ್ಲಿಯವರೆಗೆ ರಾಣೆಬೆನ್ನೂರು, ಹಾವೇರಿ, ಬಹಳವೆಂದರೆ ಹುಬ್ಬಳ್ಳಿ ನೋಡಿದ್ದಳು.

"ಅಲ್ಲಿ ಏನ್ ಉಣ್ತಾರ್ರಿ?" ಎಂದಳು.

"ಆಲೂಗಡ್ಡಿ."

"ಬರೇ ಆಲೂಗಡ್ಡಿ? ಹಂಗಿದ್ರ ನಾ ರೊಟ್ಟಿ ಬಡದs ಬರ್ತೇನಿ."

ಎರಡು ಡಬ್ಬಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಚೀಲ ಬ್ಯಾಡಗಿ ಖಾರಪುಡಿ ಸಿದ್ಧವಾದವು. ರಾಣೆಬೆನ್ನೂರಿನಲ್ಲಿ ಸ್ವೆಟರ್ ಕೊಂಡೆವು. ಅಂಗಡಿಯವನು ಇದನ್ನು ಹಾಕಿಕೊಂಡರೆ ಹಿಮಾಲಯದಲ್ಲೂ ಬೆವರುತ್ತೀರಿ ಎಂದಿದ್ದ. ಅವನು ಹಿಮಾಲಯ ನೋಡಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಕಡಲ ದಂಡೆಯ ಊರು

ಆ ಊರಿನ ಹೆಸರನ್ನು ಬರೆಯುವುದು ಒಂದು ರೀತಿ, ಕರೆಯುವುದು ಇನ್ನೊಂದು ರೀತಿ. ಹತ್ತೊಂಬತ್ತು ವರ್ಷ ಲಕೋಟೆಯ ಮೇಲೆ ಬರೆದ ಹೆಸರನ್ನು ನಾನು ಬಸ್ಸಿನವನಿಗೆ ಹೇಳಿದರೆ ಅವನಿಗೆ ತಿಳಿಯಲೇ ಇಲ್ಲ. ಕೊನೆಗೆ ಟಾಮ್‌ನ ಕಾಗದ ತೋರಿಸಿದೆ. ಅವನು ನಕ್ಕು ನಮ್ಮನ್ನು ಸರಿಯಾದ ಬಾಗಿಲಿಗೇ ಇಳಿಸಿದ.

ಮೂವತ್ತು ನಲವತ್ತು ಮನೆ, ಒಂದು ಇಗರ್ಜಿ, ನಾಲ್ಕು ದೋಣಿ, ಒಂದು ಶಾಲೆ. ಮನೆಗಳ ಹಿಂದೆಯೇ ಸಮುದ್ರ. ಟಾಮ್ ಬಾಗಿಲಲ್ಲಿ ಕೋಲೂರಿ ನಿಂತಿದ್ದ. ಆರಡಿ ಆಳು, ಕೆಂಪು ಮುಖ. ನನ್ನ ಕೈ ಹಿಡಿದವನು ಬಿಡಲೇ ಇಲ್ಲ. ಇಬ್ಬರಿಗೂ ಮಾತು ಹೊರಡಲಿಲ್ಲ. ಕಾಗದದಲ್ಲಿ ನಾವು ಬಹಳ ಮಾತುಗಾರರಾಗಿದ್ದೆವು.

ಅಲ್ಲಿಯವರು ಆಡುವುದು ಇಂಗ್ಲಿಷು, ಅದೂ ಅವರ ಕಡೆಯ ಇಂಗ್ಲಿಷು. ನಾನು ಅದನ್ನು ಆಗಿಂದಾಗ್ಗೆ ಗಿರಿಜಾಳಿಗೆ ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ. ನನ್ನ ನೆನಪಿನಲ್ಲಿ ಉಳಿದಿರುವುದೂ ಆ ಮಾತೇ. ಹಾಗಾಗಿ ಇಲ್ಲಿ ಟಾಮ್ ಬ್ಯಾಡಗಿಯವನ ಹಾಗೆ ಮಾತಾಡಿದರೆ ಓದುಗರು ಗಾಬರಿಯಾಗಬಾರದು.

ಟಾಮ್‌ನ ಒಲೆಯಲ್ಲಿ ಕಪ್ಪು ಇಟ್ಟಿಗೆಯಂಥದೇನೋ ಉರಿಯುತ್ತಿತ್ತು. ಅದು ಮಣ್ಣು! ಊರಾಚೆಯ ಕರೀ ಜವುಗು ನೆಲವನ್ನು ಕಡಿದು, ಒಣಗಿಸಿ, ಉರುವಲು ಮಾಡುತ್ತಾರೆ. ಬಣ್ಣದಲ್ಲಿ ನಮ್ಮ ಎರೆಹೊಲದ ಮಣ್ಣೇ.

"ಭೂಮಿತಾಯಿನ್ನ ಒಲಿಗೆ ಹಾಕ್ತಾರಲ್ರೀ!" ಎಂದು ಗಿರಿಜಾ ಕೆನ್ನೆಗೆ ಕೈ ಹಚ್ಚಿದಳು. ಆದರೆ ಸ್ವಲ್ಪ ಹೊತ್ತಿನಲ್ಲೇ ಆ ಒಲೆಯ ಹತ್ತಿರ ಕುರ್ಚಿ ಎಳೆದುಕೊಂಡಳು. ರಾಣೆಬೆನ್ನೂರಿನ ಸ್ವೆಟರ್ ಬಗ್ಗೆ ನಾನು ಏನೂ ಕೇಳಲಿಲ್ಲ.

ಊಟಕ್ಕೆ ಬೇಯಿಸಿದ ಆಲೂಗಡ್ಡೆ ಬಂತು. ಅವಳು ತನ್ನ ತಟ್ಟೆಗೆ ಖಾರಪುಡಿ ಉದುರಿಸಿಕೊಂಡಳು. ಆ ಕೆಂಪು ನೋಡಿ ಟಾಮ್ ಕುರ್ಚಿ ಹಿಂದಕ್ಕೆ ಸರಿಸಿದ. ಬ್ಯಾಡಗಿ ಕಾಯಿಗೆ ಬಣ್ಣವೇ ಹೆಚ್ಚು, ಖಾರ ಕಡಿಮೆ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಮೂರನೆಯ ದಿನ ಯಾರೂ ನೋಡದಾಗ ತಾನೇ ಹಾಕಿಕೊಂಡು ತಿನ್ನುತ್ತಿದ್ದುದನ್ನು ಗಿರಿಜಾ ಹಿಡಿದಳು.

ಊಟವಾದ ಮೇಲೆ ಟಾಮ್ ಒಂದು ನಕ್ಷೆ ಹಾಸಿದ. ಊರಿನಿಂದ ಹೊರಟು ಊರಿಗೇ ಬರುವ ಒಂದು ದಾರಿಯ ಮೇಲೆ ಪೆನ್ಸಿಲ್ ಗೆರೆ ಎಳೆದಿತ್ತು. ಇಪ್ಪತ್ತಾರು ಮೈಲಿ.

"ಇದು ನನ್ನ ಟಪಾಲಿನ ದಾರಿ. ಮೂವತ್ತು ವರ್ಷ ತುಳದೇನಿ. ಈಗ ಟಪಾಲು ವ್ಯಾನಿನಾಗ ಬರತೈತಿ, ದಾರಿನೂ ಬ್ಯಾರೆ. ಇನ್ನೈದು ವರ್ಷಕ್ಕ ಈ ದಾರಿ ಯಾರಿಗೂ ನೆನಪಿರೂದಿಲ್ಲ."

ವಿಷಯ ಹೀಗಿತ್ತು. ಸೈಕಲ್ ಮೇಲೆ ಸುತ್ತಾಡಲು ಬರುವ ಪ್ರವಾಸಿಗಳಿಗಾಗಿ ಆ ಊರಿನಿಂದ ಒಂದು ದಾರಿಯನ್ನು ಗೊತ್ತು ಮಾಡಿ, ಫಲಕ ನೆಟ್ಟು, ನಕ್ಷೆಯಲ್ಲಿ ಅಚ್ಚು ಹಾಕಿಸಲು ಒಂದು ಕಮಿಟಿ ಹೊರಟಿತ್ತು. ಕರಾರು ಒಂದೇ: ದಾರಿ ಮಧ್ಯಮ ದರ್ಜೆಯದಾಗಿರಬೇಕು. ಎಂದರೆ ಸಾಮಾನ್ಯ ಮನುಷ್ಯ ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಸಂಜೆ ನಾಲ್ಕರೊಳಗೆ ಮರಳಬೇಕು. ಟಾಮ್‌ನ ದಾರಿ ಒಂದು, ಹೆದ್ದಾರಿಯ ಪಕ್ಕದಲ್ಲಿ ಹೋಗುವ ಸಪಾಟು ದಾರಿ ಇನ್ನೊಂದು. ಹಿಂದಿನ ತಿಂಗಳು ಟಾಮ್‌ನ ದಾರಿಯಲ್ಲಿ ನಾಲ್ವರನ್ನು ಕಳಿಸಿ ನೋಡಿದರೆ ಮೂವರು ಅರ್ಧಕ್ಕೇ ಕೈಚೆಲ್ಲಿ ಕಾರಿನಲ್ಲಿ ಬಂದರು. ಬರುವ ಶನಿವಾರ ಕೊನೆಯ ಪರೀಕ್ಷೆ. ಅಂದೂ ಆಗದಿದ್ದರೆ ಹೆದ್ದಾರಿಯ ದಾರಿಯೇ ಗಟ್ಟಿ.

"ನೀ ಒಮ್ಮೆ ಹೋಗಿ ನೋಡು, ಎಲ್ಲಿ ತಪ್ಪೈತಿ ಹೇಳು. ಟಪಾಲಿನವನಿಗೆ ಟಪಾಲಿನವನs ಹೇಳಬೇಕು," ಎಂದ ಟಾಮ್. ಆ ಮಾತು ನನ್ನ ತಲೆಗೇರಿತು.

ಭಾನುವಾರ, ಜವುಗು ನೆಲ

ಟಾಮ್‌ನ ಹಳೇ ಸೈಕಲ್ ಹತ್ತಿ ಒಬ್ಬನೇ ಹೊರಟೆ. ಮೊದಲು ಕಣಿವೆ, ಆಮೇಲೆ ಸರೋವರ, ಅಲ್ಲಿಂದ ಜವುಗು ನೆಲದ ಬಯಲು, ಕೊನೆಗೆ ಇಳಿಜಾರು ಇಳಿದರೆ ಸಮುದ್ರ ಮತ್ತು ಊರು. ಕಣಿವೆಯ ದಾರಿಗೆ ಎರಡೂ ಕಡೆ ಆಳೆತ್ತರದ ಬೇಲಿ. ತಂಪು, ಹಕ್ಕಿ, ಹಾಲಿನ ವಾಸನೆ. ಇಷ್ಟಕ್ಕೆ ಜನ ಕೈಚೆಲ್ಲಿದರೇ ಎಂದು ನಗು ಬಂತು. ಎದುರಿಗೆ ಬಂದ ಕಾರಿನವರೆಲ್ಲ ಸ್ಟಿಯರಿಂಗ್ ಚಕ್ರದ ಮೇಲಿನ ಒಂದು ಬೆರಳನ್ನು ಮಾತ್ರ ಎತ್ತುತ್ತಿದ್ದರು. ಅದು ಅವರ ನಮಸ್ಕಾರವಂತೆ. ನಮ್ಮಲ್ಲಿ ಎದುರಿಗೆ ಬಂದವರು ಸೈಕಲ್ ನಿಲ್ಲಿಸಿ ಎಲ್ಲಿಗೆ, ಯಾಕೆ, ಊಟ ಆಯಿತೇ ಎಂದು ವಿಚಾರಿಸದೆ ಬಿಡುವುದಿಲ್ಲ. ಒಂದು ಬೆರಳಿನಲ್ಲಿ ಇದೆಲ್ಲ ಹೇಗೆ ಮುಗಿಯುತ್ತದೋ ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಸರೋವರ ದಾಟಿ ಬಯಲಿಗೆ ಬಂದೆ ನೋಡಿ, ಪಡುವಣ ಗಾಳಿ ಎದೆಗೇ ಗುದ್ದಿತು. ಮರವಿಲ್ಲ, ಗೋಡೆಯಿಲ್ಲ, ಸಮುದ್ರದ ಮೇಲಿಂದ ನೇರ ಬರುವ ಗಾಳಿ. ಜೊತೆಗೆ ಮಳೆ. ನಾನು ಆಷಾಢದಲ್ಲಿ ಬ್ಯಾಡಗಿಯಲ್ಲಿ ಮಾಡುವುದನ್ನೇ ಮಾಡಿದೆ. ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದರಲ್ಲಿ ಛತ್ರಿ ಬಿಚ್ಚಿದೆ. ಛತ್ರಿ ಒಂದು ಕ್ಷಣ ಯೋಚಿಸಿ ತಿರುವುಮುರುವಾಯಿತು. ಅದರ ಹಿಂದೆ ನಾನು, ನನ್ನ ಹಿಂದೆ ಸೈಕಲ್ಲು, ಮೂವರೂ ಜವುಗಿಗೆ ಬಿದ್ದೆವು. ಮೊಣಕಾಲವರೆಗೆ ಕಪ್ಪು ಕೆಸರು. ಹತ್ತಾರು ಕುರಿಗಳು ಮೇಯುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದವು. ಕೊನೆಯ ಏಳು ಮೈಲಿ ಸೈಕಲ್ ತಳ್ಳಿಕೊಂಡು ಬಂದು ಸಂಜೆ ಆರಕ್ಕೆ ಮನೆ ಸೇರಿದೆ.

ಗಿರಿಜಾ ಬಿಸಿನೀರು ಕಾಯಿಸಿದ್ದಳು. ಬಕೆಟ್ಟಿನಲ್ಲಿ ಕಾಲು ಇಳಿಬಿಟ್ಟು ಕೂತಾಗ ನನಗೆ ನನ್ನ ನೌಕರಿಯ ಮೊದಲನೇ ವರ್ಷ ಕಣ್ಣಿಗೆ ಕಟ್ಟಿತು. ಆಗ ಅಂಚೆ ಕಚೇರಿಯ ಪಟ್ಟಿಯಲ್ಲಿದ್ದಂತೆ ಮೊದಲು ಕದರಮಂಡಲಗಿಗೆ ಹೋಗಿ, ಮೋಟೆಬೆನ್ನೂರಿನ ಕಡೆಯಿಂದ ಬರುತ್ತಿದ್ದೆ. ಆಷಾಢದಲ್ಲಿ ಆ ಬಯಲಿನ ಎದುರುಗಾಳಿ ಜೀವ ಹಿಂಡುತ್ತಿತ್ತು. ನನ್ನ ಮುಂಚೆ ಆ ಭಾಗಕ್ಕಿದ್ದ ಹಿರಿಯ ಪೋಸ್ಟ್‌ಮನ್ ಒಂದು ದಿನ ನನ್ನ ಮುಖ ನೋಡಿ, "ತಮ್ಮಾ, ಆಷಾಢದಾಗ ಸುತ್ತು ತಿರುವಿ ಹಾಕು. ಹೋಗೂವಾಗ ಬಯಲು, ಬರೂವಾಗ ಗಿಡದ ಸಾಲು," ಎಂದಿದ್ದರು. ಹೋಗುವಾಗ ಬಯಲಿನಲ್ಲಿ ಗಾಳಿ ಬೆನ್ನಿಗಿರುತ್ತದೆ, ಬರುವಾಗ ಎದುರು ಗಾಳಿಯನ್ನು ಕದರಮಂಡಲಗಿ ರಸ್ತೆಯ ಮರಗಳು ತಡೆಯುತ್ತವೆ. ಅಂದಿನಿಂದ ಇಪ್ಪತ್ತೇಳು ವರ್ಷ ಮಳೆಗಾಲದಲ್ಲಿ ಹಾಗೆಯೇ ಹೋಗಿದ್ದೆ. ಪರದೇಶದ ಗಾಳಿಯೂ ಗಾಳಿಯೇ ಎಂಬುದು ಮಾತ್ರ ನನಗೆ ಕೆಸರಿನಲ್ಲಿ ಬೀಳುವವರೆಗೆ ಹೊಳೆದಿರಲಿಲ್ಲ.

ಒದ್ದೆ ಕಾಲಲ್ಲೇ ನಕ್ಷೆಯ ಹತ್ತಿರ ಹೋದೆ.

"ಟಾಮ್, ದಾರಿ ಛಲೋ ಐತಿ. ಆದ್ರ ಉಲ್ಟಾ ಐತಿ. ಮೊದಲ ಬಯಲು ಹತ್ತಬೇಕು, ಕಣಿವ್ಯಾಗ ಹಾದು ಬರಬೇಕು."

ಟಾಮ್‌ನ ಮುಖ ಬಿಗಿಯಿತು. "ಮೂವತ್ತು ವರ್ಷ ಹೋದ ದಾರಿ ಉಲ್ಟಾ ಅಂತಿ?"

"ನೀ ಯಾಕ ಹಂಗ ಹೋಗತಿದ್ದಿ?"

"ಕಣಿವ್ಯಾಗ ಹಾಲಿನ ಡೈರಿ ಇತ್ತು. ಎಂಟಕ್ಕ ಅವರ ಟಪಾಲು ಮುಟ್ಟಿಸಬೇಕಿತ್ತು."

"ಡೈರಿ ಈಗ ಐತೇನು?"

ಅವನು ಕೋಲು ಹಿಡಿದು ಹೊರಗೆ ಹೋಗಿ ಸಮುದ್ರದ ಕಡೆ ಮುಖ ಮಾಡಿ ನಿಂತ. ನನಗೆ ಬಹಳ ಕೆಡುಕೆನಿಸಿತು. ಹತ್ತೊಂಬತ್ತು ವರ್ಷದ ಗೆಳೆತನವನ್ನು ಮೂರೇ ದಿನದಲ್ಲಿ ಕೆಡಿಸಿದೆನೇ ಎಂದು ಹೆದರಿದೆ. ಅರ್ಧ ತಾಸಿನ ಮೇಲೆ ಒಳಗೆ ಬಂದು, "ಡೈರಿ ಮುಚ್ಚಿ ಹನ್ನೊಂದು ವರ್ಷ ಆತು. ಅಷ್ಟೂ ವರ್ಷ ನಾ ಸುಮ್ಮನs ಎದುರುಗಾಳಿ ತಿಂದೆ," ಎಂದ. ಆಮೇಲೆ ಇಬ್ಬರೂ ನಕ್ಕೆವು.

ಸೋಮವಾರ, ಶಾಲೆಯ ಕೋಣೆ

ದಾರಿ ಗೊತ್ತುಮಾಡುವ ಮೂವರ ಕಮಿಟಿಗೆ ಮುಖ್ಯಸ್ಥೆ ಬ್ರೀಡಾ ಎಂಬ ಶಾಲಾ ಶಿಕ್ಷಕಿ. ಎತ್ತರ ನಿಲುವು, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಗಿರಿಜಾ ನೋಡಿದ ಕೂಡಲೇ, ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವ ಹಾಗೆ, ಅವರನ್ನು ಅಕ್ಕೋರು ಎಂದು ಕರೆದಳು. ಅದು ಹೆಸರೆಂದು ತಿಳಿದು ಅವರೂ ಓಗೊಟ್ಟರು.

ಉಲ್ಟಾ ದಾರಿಯ ಮಾತನ್ನು ಬ್ರೀಡಾ ಕಿವಿಗೊಟ್ಟು ಕೇಳಿದರು. ಒಪ್ಪಿದರು. "ಶನಿವಾರ ಯಾರು ಹೋಗ್ತೀರಿ?" ಎಂದರು.

ನಾನು ಎದ್ದು ನಿಂತೆ. ನನ್ನ ವಯಸ್ಸು ಐವತ್ತೊಂದು, ಹೊಟ್ಟೆಯೂ ತಕ್ಕಮಟ್ಟಿಗೆ ಇದೆ. ಇದಕ್ಕಿಂತ ಸಾಮಾನ್ಯ ಮನುಷ್ಯ ಯಾರು ಸಿಗುತ್ತಾರೆ? ಅಷ್ಟಕ್ಕೇ ಕೂತಿದ್ದರೆ ಸರಿಹೋಗುತ್ತಿತ್ತು. ಆದರೆ ಪರದೇಶದ ಮೂವರು ದೊಡ್ಡವರು ಬಾಯಿ ಮುಚ್ಚಿ ನನ್ನ ಮಾತು ಕೇಳುವ ಪ್ರಸಂಗ ಜೀವನದಲ್ಲಿ ಎಷ್ಟು ಸಲ ಬರುತ್ತದೆ? ನನ್ನ ಇಪ್ಪತ್ತೆಂಟು ವರ್ಷ ಬಿಚ್ಚಿಟ್ಟೆ. ದಿನಾ ಹದಿನೇಳು ಮೈಲಿ ಎಂದೆ. ಕ್ಯಾರಿಯರ್ ಮೇಲೆ ಪಾರ್ಸಲ್ಲು, ಅದರ ಮೇಲೆ ಗಿರಿಜಾ ಎಂದೆ. ಹಾವೇರಿಯಲ್ಲಿ ಒಮ್ಮೆ ನಿಧಾನ ಸೈಕಲ್ ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಪಡೆದಿದ್ದನ್ನೂ ಬಿಡಲಿಲ್ಲ.

ಬ್ರೀಡಾ ಕನ್ನಡಕ ತೆಗೆದರು. "ಹಂಗಾದ್ರ ನೀವು ಆಗೂದಿಲ್ರಿ. ನೀವು ಕಸುಬಿನವರು. ಕಸುಬಿನವನಂತ ಟಾಮ್‌ನ ಮಾತು ನಾವು ಲೆಕ್ಕಕ್ಕ ಹಿಡೀಲಿಲ್ಲ, ನಿಮ್ಮ ಕಾಲು ಹೆಂಗ ಹಿಡೀಲಿ?"

ನನ್ನ ಬಾಯಿಂದ ನಾನೇ ಕೆಟ್ಟೆ. ಟಾಮ್ ತಲೆ ತಗ್ಗಿಸಿ ಕೂತ. ಊರಿನ ಗಟ್ಟಿಮುಟ್ಟಾದವರು ಮೀನಿಗೆ ಹೋಗುವವರು, ಉಳಿದವರು ಹಿಂದಿನ ತಿಂಗಳ ಕಥೆ ಕೇಳಿ ಹೆದರಿದವರು. ನಡೆದದ್ದನ್ನು ನಾನು ಪಕ್ಕದಲ್ಲೇ ಕೂತಿದ್ದ ಗಿರಿಜಾಳಿಗೆ ನಮ್ಮ ಮಾತಿನಲ್ಲಿ ಹೇಳಿದೆ, ನನ್ನ ಬಡಾಯಿಯನ್ನು ಬಿಟ್ಟು ಹೇಳಿದೆ. ಅವಳು ನನ್ನ ಮುಖ ನೋಡಿಯೇ ಅದನ್ನೂ ತಿಳಿದುಕೊಂಡಳು.

"ನಿಮ್ಮ ನಿಧಾನ ಸೈಕಲ್ಲಿಂದೂ ಹೇಳಿದ್ರೇನು?"

"ಹೇಳಿದೆ."

"ಹೋತು ಬಿಡ್ರಿ," ಎಂದು ಹಣೆ ಬಡಿದುಕೊಂಡಳು. ಸ್ವಲ್ಪ ತಡೆದು, "ನಾ ಕಸುಬಿನಾಕಿ ಅಲ್ಲಲ್ಲ? ನಾ ಹೋಗಬಹುದೇನು ಕೇಳ್ರಿ ಅಕ್ಕೋರನ್ನ," ಎಂದಳು.

ಅವಳು ಜನ್ಮದಲ್ಲಿ ಪೆಡಲ್ ತುಳಿದವಳಲ್ಲ. ಕ್ಯಾರಿಯರ್ ಮೇಲೆ ಓರೆಯಾಗಿ ಕೂರುವುದಷ್ಟೇ ಗೊತ್ತು. ನಾನು ಅದನ್ನು ಹೇಳಬೇಕೆನ್ನುವಷ್ಟರಲ್ಲಿ ಟಾಮ್ ಕೋಲು ನೆಲಕ್ಕೆ ಕುಟ್ಟಿ, "ನನ್ನ ಶೆಡ್ಡಿನಾಗ ಇಬ್ಬರ ಸೈಕಲ್ ಐತಿ!" ಎಂದ.

ಒಂದೇ ಸೈಕಲ್ಲಿಗೆ ಹಿಂದೊಂದು ಮುಂದೊಂದು ಸೀಟು, ಎರಡು ಜೊತೆ ಪೆಡಲು. ಟಾಮ್ ಮತ್ತು ಅವನ ತೀರಿಹೋದ ಹೆಂಡತಿ ಅದರ ಮೇಲೆ ಇಗರ್ಜಿಗೆ ಹೋಗುತ್ತಿದ್ದರಂತೆ. ಬ್ರೀಡಾ ವಿಚಾರ ಮಾಡಿದರು. ಎಂದೂ ಸೈಕಲ್ ತುಳಿಯದ ನಲವತ್ತೇಳರ ಹೆಣ್ಣುಮಗಳು ಹಿಂದೆ ಕೂತು ಸುತ್ತು ಮುಗಿಸಿದರೆ ದಾರಿ ಮಧ್ಯಮ ದರ್ಜೆಯದೇ ಎಂದು ಬರೆದುಕೊಂಡರು. ಮುಂದೆ ಕೂರುವವನು ಲೆಕ್ಕಕ್ಕಿಲ್ಲ, ಸಾರಥಿ ಮಾತ್ರ ಎಂದೂ ಬರೆದುಕೊಂಡರು. ನನಗೆ ಅದು ಅಷ್ಟು ಹಿಡಿಸಲಿಲ್ಲ.

ನಾಲ್ಕು ದಿನದ ಅಭ್ಯಾಸ

ಮಂಗಳವಾರ ಗಿರಿಜಾ ಸೀರೆಯನ್ನು ಗಂಡುಗಚ್ಚೆ ಹಾಕಿ ಬಂದಳು. ಕಳೆ ತೆಗೆಯುವಾಗ ನಮ್ಮಲ್ಲಿ ಕಟ್ಟುವ ಕಚ್ಚೆ. ಚೈನಿಗೆ ಸಿಗುವ ಭಯವಿಲ್ಲ. ಅವಳು ಹಿಂದೆ ಕೂತಳು, ನಾನು ಮುಂದೆ. ದಂಡೆಯ ರಸ್ತೆಯಲ್ಲಿ ಹೊರಟೆವು. ಅರ್ಧ ಮೈಲಿಗೇ ನನ್ನ ಎದೆ ಡವಗುಟ್ಟಿತು. ಎರಡು ಚೀಲ ಮೆಣಸಿನಕಾಯಿ ಹೇರಿಕೊಂಡು ಹೋದ ಹಾಗೆ ಭಾರ.

"ತುಳಿಯಾಕತ್ತಿಯೋ ಇಲ್ಲೋ?" ಎಂದೆ.

"ತುಳಿಯೂದು? ಕಾಲಿಡಾಕ ಛಲೋ ವ್ಯವಸ್ಥಾ ಮಾಡ್ಯಾರ, ತಾನs ತಿರಗತೈತಿ. ನಾ ಆರಾಮ ಕುಂತೇನಿ."

ಆ ಸೈಕಲ್ಲಿನಲ್ಲಿ ಮುಂದಿನ ಪೆಡಲಿಗೂ ಹಿಂದಿನದಕ್ಕೂ ಚೈನಿನ ನಂಟು. ಒಬ್ಬರು ತುಳಿದರೆ ಇನ್ನೊಬ್ಬರ ಕಾಲೂ ತಿರುಗುತ್ತದೆ. ಇಪ್ಪತ್ತೈದು ವರ್ಷ ಕ್ಯಾರಿಯರ್ ಮೇಲೆ ಕಾಲು ಇಳಿಬಿಟ್ಟು ಕೂತವಳಿಗೆ ಕಾಲಿಗೊಂದು ಆಸರೆ ಸಿಕ್ಕಿತೆಂದೇ ಖುಷಿಯಾಗಿತ್ತು. ನಾನು ಇಳಿದು, ಕೆಳಗೆ ಕೂತು, ಚೈನು ತೋರಿಸಿ ಹೇಳಿದೆ. ಅವಳು ಸ್ವಲ್ಪ ನಾಚಿದಳು. ಮತ್ತೆ ಹತ್ತಿ ಒಮ್ಮೆ ಬಲಹಾಕಿ ತುಳಿದಳು ನೋಡಿ, ಸೈಕಲ್ಲು ಜಿಗಿದು ಹೊರಟಿತು. ನನ್ನ ಕಾಲು ಪೆಡಲಿನಿಂದ ಜಾರಿತು.

ಆಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಹಿಂದಿನ ಹ್ಯಾಂಡಲ್ಲಿಗೆ ತಿರುಗಿಸುವ ಕೆಲಸವಿಲ್ಲ, ಹಾಗಾಗಿ ಅವಳ ಎರಡೂ ಕೈ ಖಾಲಿ. ಕಾರಿನವರು ಒಂದು ಬೆರಳು ಎತ್ತಿದರೆ ಇವಳು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡುತ್ತಿದ್ದಳು. ಬುಧವಾರ ಒಬ್ಬ ಮುದುಕ ಅದನ್ನು ನೋಡುತ್ತಾ ಟ್ರ್ಯಾಕ್ಟರನ್ನು ಬೇಲಿಗೆ ತಾಗಿಸಿದ. ಗುರುವಾರದ ಹೊತ್ತಿಗೆ ಊರಿನ ಅರ್ಧ ಜನ ಎರಡೂ ಕೈ ಬಿಟ್ಟು ನಮಸ್ಕಾರ ಮಾಡಲು ಶುರುಮಾಡಿದ್ದರು. ಚಾಲಕರು ಹಾಗೆ ಮಾಡಬಾರದೆಂದು ಬ್ರೀಡಾ ಶಾಲೆಯಲ್ಲಿ ಹೇಳಬೇಕಾಯಿತಂತೆ.

ಶನಿವಾರ, ಏರು ಮತ್ತು ಸರೋವರ

ಒಂಬತ್ತಕ್ಕೆ ಬ್ರೀಡಾ ಗಡಿಯಾರ ನೋಡಿ ಕೈ ಬೀಸಿದರು. ಟಾಮ್ ಕೋಲಿನ ತುದಿಯಿಂದ ಸೈಕಲ್ಲಿನ ಟೈರನ್ನು ಮೂರನೆಯ ಸಲ ಒತ್ತಿ ನೋಡಿದ. ಗಿರಿಜಾ ಅದನ್ನು ನೋಡಿದಳು.

"ಟಾಮಣ್ಣ, ಚಹಾ ಇಟ್ಟಿರು," ಎಂದಳು ಕನ್ನಡದಲ್ಲೇ. ಅವನು ತಲೆಯಾಡಿಸಿದ.

ಸಮುದ್ರದಿಂದ ಬಯಲಿಗೆ ಎರಡು ಮೈಲಿ ಏರು. ಭಾನುವಾರ ಇದನ್ನು ಇಳಿಯುವಾಗಲೂ ನಾನು ಗಾಳಿಗೆ ಹೆದರಿ ನಡೆದಿದ್ದೆ. ಈಗ ಅದೇ ಗಾಳಿ ಬೆನ್ನಿಗೆ ಕೈ ಹಚ್ಚಿ ದೂಡುತ್ತಿತ್ತು. ಗಿರಿಜಾಳ ಸೆರಗು ನನ್ನ ಕಿವಿ ದಾಟಿ ಮುಂದೆ ಹಾರುತ್ತಿತ್ತು. ಬಯಲಿಗೆ ಬಂದಾಗ ತುಳಿಯುವುದೇ ಬೇಡವಾಯಿತು. ಮೊನ್ನೆಯ ಕುರಿಗಳು ನಿಂತು ನೋಡಿದವು, ನಾವು ಸರ್ರನೆ ದಾಟಿದೆವು. ನನಗೆ ಹಿಗ್ಗು ಬಂತು. ಅವಳಿಗೆ ನನ್ನ ಕಾಲಿನ ಕಸುವು ತೋರಿಸಬೇಕೆಂದು ಗಾಳಿಯ ಜೊತೆಗೆ ನಾನೂ ತುಳಿದೆ, ಬೇಡದಿದ್ದರೂ ತುಳಿದೆ.

ಅದರ ಫಲ ಸರೋವರದ ಹತ್ತಿರ ಸಿಕ್ಕಿತು. ಎಡಗಾಲಿನ ಮೀನಖಂಡ ಗಂಟು ಕಟ್ಟಿತು. ಇಳಿದವನು ಹುಲ್ಲಿನ ಮೇಲೆ ಬಿದ್ದು ಹಲ್ಲು ಕಚ್ಚಿದೆ. ಬ್ರೀಡಾ ಅರ್ಧ ದಾರಿಯ ಗುರುತು ಹಾಕಿಕೊಳ್ಳಲು ಅಲ್ಲಿ ಕಾರು ನಿಲ್ಲಿಸಿ ಕಾಯುತ್ತಿದ್ದರು. ಗಿರಿಜಾ ಕಾಲು ತಿಕ್ಕಿದಳು, ರೊಟ್ಟಿ ಚಟ್ನಿ ತಿನ್ನಿಸಿದಳು, ಬ್ರೀಡಾ ಅವರ ಕೈಗೂ ಒಂದು ರೊಟ್ಟಿ ಕೊಟ್ಟಳು. ಎರಡು ತಾಸು ಹೋಯಿತು. ನೋವು ಇಳಿಯಲಿಲ್ಲ.

"ಕಾರಿನ್ಯಾಗ ಬರ್ರಿ," ಎಂದರು ಬ್ರೀಡಾ ಮೆತ್ತಗೆ.

ನನಗೂ ಹಾಗೇ ಅನಿಸಿತ್ತು. ಗಿರಿಜಾಳಿಗೆ ಹೇಳಿದೆ, "ಸಾಕ್ ಬಿಡು. ಟಾಮ್‌ಗ ನಾ ತಿಳಿಸಿ ಹೇಳ್ತೇನಿ."

ಅವಳಿಗೆ ಸಿಟ್ಟು ಬಂತು. ಅವಳಿಗೆ ಹಾಗೆ ಸಿಟ್ಟು ಬಂದದ್ದನ್ನು ನಾನು ಕೆಲವೇ ಸಲ ಕಂಡಿದ್ದೇನೆ.

"ಏನ್ ತಿಳಿಸಿ ಹೇಳ್ತೀರಿ? ನಿಮ್ಮ ಮೋಟೆಬೆನ್ನೂರ ದಾರಿ ನಾಳೆ ಯಾರಾರ ಅಳಿಸಿ ಒಗದ್ರ ನಿಮಗ ಹೆಂಗ ಆಗತೈತಿ? ಏಳ್ರಿ. ಪೆಡಲಿನ ಮ್ಯಾಲ ಕಾಲಿಟಗೊಂಡು ಸುಮ್ಮ ಕುಂದ್ರಿ, ತಾನs ತಿರಗತೈತಿ. ನಾ ತುಳೀತೇನಿ."

ನಾನು ಎದ್ದೆ. ಏಳದೆ ಗತಿಯಿರಲಿಲ್ಲ.

ಕಣಿವೆ

ಗಂಟೆ ಒಂದೂವರೆ. ಇನ್ನು ಹದಿಮೂರು ಮೈಲಿ. ಕಣಿವೆಯ ಬೇಲಿಗಳೊಳಗೆ ಹೊಕ್ಕ ಕೂಡಲೇ ಗಾಳಿ ತಲೆಯ ಮೇಲಿಂದ ಹಾಯ್ದು ಹೋಗತೊಡಗಿತು. ಮೇಲೆ ಮರದ ತುದಿಗಳು ತೂಗುತ್ತಿದ್ದವು, ಕೆಳಗೆ ನಮ್ಮ ಉಸಿರು ಮಾತ್ರ ಕೇಳುತ್ತಿತ್ತು. ನಾನು ಮುಂದೆ ಕೂತು ಹ್ಯಾಂಡಲ್ ಹಿಡಿದಿದ್ದೆ. ನನ್ನ ಕಾಲುಗಳು ಅವಳ ಬಲದಿಂದ ತಿರುಗುತ್ತಿದ್ದವು. ಹಿಂದಿನಿಂದ ಅವಳು ಮೆಣಸಿನಕಾಯಿ ಬಿಡಿಸುವಾಗ ಹೆಂಗಸರು ಹೇಳಿಕೊಳ್ಳುವ ಮಾತುಗಳನ್ನೆಲ್ಲ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಯಾರ ಸೊಸೆ ಯಾರಿಗೆ ಏನೆಂದಳು, ಯಾರ ಎಮ್ಮೆ ಎಷ್ಟು ಹಾಲು ಕೊಟ್ಟಿತು. ಎಂಟು ತಾಸು ಕೂತಲ್ಲೇ ಕೂತು ಕೆಲಸ ಮಾಡುವವರು ಹೊತ್ತು ಕಳೆಯುವುದೇ ಹಾಗೆ. ದಣಿವನ್ನು ಮಾತಿನಲ್ಲಿ ಮರೆಯುವ ಈ ವಿದ್ಯೆ ನನಗೆ ಬರುವುದಿಲ್ಲ. ನಾನು ದಾರಿಯುದ್ದಕ್ಕೂ ಮೈಲಿಗಲ್ಲು ಎಣಿಸುವವನು.

ಊರು ಎರಡು ಮೈಲಿ ಇರುವಾಗ ರಸ್ತೆ ತುಂಬ ಆಕಳು. ಹಾಲು ಹಿಂಡುವ ಹೊತ್ತು. ಐವತ್ತಾದರೂ ಇದ್ದವು, ಬೇಲಿಯಿಂದ ಬೇಲಿಗೆ ಒತ್ತೊತ್ತಾಗಿ, ಲೋಕದ ಚಿಂತೆಯಿಲ್ಲದೆ ನಡೆಯುತ್ತಿದ್ದವು. ಹಿಂದೆ ಬರುತ್ತಿದ್ದ ರೈತ ನಮಗೆ ಒಂದು ಬೆರಳು ಎತ್ತಿದ, ಅಷ್ಟೇ. ಗಂಟೆ ಮೂರೂ ಇಪ್ಪತ್ತು. ನಾನು ಗಂಟೆ ಬಾರಿಸಿದೆ. ಒಂದು ಆಕಳು ತಿರುಗಿ ನೋಡಿ ಇನ್ನೂ ನಿಧಾನ ಮಾಡಿತು.

ಗಿರಿಜಾ ಇಳಿದಳು. ಬಾಯಲ್ಲಿ "ಚೊ, ಚೊ" ಎನ್ನುತ್ತಾ, ಒಂದರ ಬೆನ್ನು ತಟ್ಟಿ, ಇನ್ನೊಂದರ ಕೊರಳಿಗೆ ಕೈಹಾಕಿ ಬದಿಗೆ ಒತ್ತುತ್ತಾ ನಡುವೆ ನಡೆದಳು. ಅವಳ ಹಿಂದೆ ಒಂದು ಸೈಕಲ್ಲಿನಷ್ಟು ದಾರಿ ಬಿಟ್ಟುಕೊಂಡಿತು. ನಾನು ಕುಂಟುತ್ತಾ ಸೈಕಲ್ ತಳ್ಳಿಕೊಂಡು ಆ ದಾರಿಯಲ್ಲಿ ಹೋದೆ. ರೈತ ಟೋಪಿ ತೆಗೆದ. ಅದು ಒಂದು ಬೆರಳಿಗಿಂತ ಬಹಳ ದೊಡ್ಡದು ಎಂದು ಟಾಮ್ ಆಮೇಲೆ ಹೇಳಿದ.

ಕೊನೆಯ ಮೈಲಿಯಲ್ಲಿ ನನ್ನ ಕಾಲು ಸಡಿಲವಾಯಿತು. ಇಬ್ಬರೂ ತುಳಿದೆವು. ತಿರುವಿನಾಚೆ ಸಮುದ್ರ ಕಂಡಾಗ ಊರಿಗೆ ಊರೇ ಶಾಲೆಯ ಮುಂದೆ ನಿಂತಿತ್ತು. ಮೀನಿಗೆ ಹೋದವರೂ ಬಂದಿದ್ದರು. ನಾವು ಬ್ರೇಕು ಹಿಡಿದಾಗ ಮೂರೂ ಐವತ್ತೊಂದು. ಯಾರೋ ಕೇಕೆ ಹಾಕಿದರು. ಇಗರ್ಜಿಯ ಪಾದ್ರಿ ಟೋಪಿ ಮೇಲಕ್ಕೆಸೆದರು, ಅದು ಕಡಲಿನ ಕಡೆ ಹಾರಿತು. ನನ್ನ ಕಣ್ಣು ತುಂಬಿ ಬಂದವು, ನಾನು ಒರೆಸಿಕೊಳ್ಳಲಿಲ್ಲ.

ಬ್ರೀಡಾ ಕಾಗದ ಪೆನ್ನು ಹಿಡಿದು ಗಿರಿಜಾಳ ಎದುರು ಬಂದರು. "ದಾರಿ ಹೆಂಗಿತ್ತು ಅಂತ ಅವರ ಮಾತಿನಾಗs ಹೇಳಬೇಕು," ಎಂದರು. ನಾನು ಅವಳನ್ನು ಕೇಳಿದೆ.

ಗಿರಿಜಾ ಸೆರಗಿನಿಂದ ಮುಖ ಒರೆಸಿಕೊಂಡಳು. "ದಣಿವಾಗೇತಿ, ಸುಳ್ಳ್ಯಾಕ ಹೇಳ್ಲಿ. ಆದ್ರ ಈಗ ಎರಡು ರೊಟ್ಟಿ ತಿಂದು ಒಂದ ತಾಸು ಕಾಲು ಚಾಚಿದ್ರ ಮತ್ತ ಎದ್ದು ಹೋಗಬಹುದು. ಅಷ್ಟs ಐತಿ ನೋಡ್ರಿ."

ನಾನು ಅಕ್ಷರ ಬಿಡದೆ ಇಂಗ್ಲಿಷಿಗೆ ತಂದೆ. ಬ್ರೀಡಾ ಬರೆದುಕೊಂಡು, ಓದಿ, ಮಧ್ಯಮ ಎಂಬುದಕ್ಕೆ ಇದಕ್ಕಿಂತ ಸರಿಯಾದ ಅರ್ಥ ತಮಗೆ ಈವರೆಗೆ ಸಿಕ್ಕಿರಲಿಲ್ಲ ಎಂದರು. ಆಮೇಲೆ ಗಿರಿಜಾಳ ಕೈಗೆ ಪೆನ್ನು ಕೊಟ್ಟರು. ಅವಳು ನಾಲ್ಕನೇ ಇಯತ್ತೆ ಓದಿದವಳು. ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು, ನಾಲಗೆ ಕಚ್ಚಿ, ಕನ್ನಡದಲ್ಲಿ ದುಂಡಗೆ ತನ್ನ ಹೆಸರು ಬರೆದಳು. ಕೆಳಗೆ ಬ್ಯಾಡಗಿ ಎಂದು ಬರೆದಳು. ನಾನೂ ಸಹಿಗೆ ಕೈ ಚಾಚಿದೆ. ಬ್ರೀಡಾ ಕಾಗದ ಮಡಚಿದರು.

"ನಿಮ್ಮದು ಬೇಕಾಗಿಲ್ರಿ."

ಮಂಗಳವಾರ, ಶಾಲೆಯ ಮುಂದೆ

ನಾವು ಹೊರಡುವ ದಿನ ಬೆಳಿಗ್ಗೆ ಮೊದಲ ಫಲಕ ನೆಟ್ಟರು. ಮರದ ಹಲಗೆ, ಸೈಕಲ್ಲಿನ ಚಿತ್ರ, ಕೆಳಗೆ ಇಪ್ಪತ್ತಾರು ಮೈಲಿ ಎಂದು ಬಿಳಿ ಅಕ್ಷರ, ಒಂದು ಬಾಣ. ಗುಂಡಿ ತೋಡಿದವನು ಹಲಗೆಯನ್ನು ಇಳಿಸಿ, ವಾಡಿಕೆಯಂತೆ ಬಾಣವನ್ನು ಕಣಿವೆಯ ಕಡೆ ಮಾಡಿ ನಿಲ್ಲಿಸಿದ. ಆ ಊರಿನವರಿಗೆ ಟಾಮ್ ಹೊರಟನೆಂದರೆ ಆ ಕಡೆಯೇ.

"ತಡಿ," ಎಂದ ಟಾಮ್.

ಕೋಲನ್ನು ನನ್ನ ಕೈಗೆ ಕೊಟ್ಟ. ನೋಯುವ ಮಂಡಿಯನ್ನು ಮೆಲ್ಲಗೆ ಎಳೆದುಕೊಂಡು ಹೋಗಿ ಎರಡೂ ತೋಳಿನಿಂದ ಕಂಬವನ್ನು ತಬ್ಬಿ ಹಿಡಿದ. ನಾನು ನೆರವಿಗೆ ಹೋಗುವವನಿದ್ದೆ, ಗಿರಿಜಾ ನನ್ನ ತೋಳು ಹಿಡಿದು ನಿಲ್ಲಿಸಿದಳು. ಅವನು ಒಬ್ಬನೇ ಕಂಬವನ್ನು ಗುಂಡಿಯೊಳಗೆ ಪೂರಾ ತಿರುಗಿಸಿ, ಬಾಣವನ್ನು ಬಯಲಿನ ಕಡೆ ಮಾಡಿ, ಮಣ್ಣು ಹಾಕಿ ಎಂದು ಹೇಳಿದ. ಮಣ್ಣು ತುಂಬಿ ಗಟ್ಟಿಯಾಗುವವರೆಗೂ ಅದನ್ನು ಬಿಡಲಿಲ್ಲ.